ಯಂತ್ರದ ಬೆಲೆ, ಕೆಲಸದ ತೂಕ

ತೋಟಕ್ಕೆ ಪಂಪುಸೆಟ್ಟನ್ನು ಕೊಳ್ಳುವ ಸಂದರ್ಭ ಬಂದಾಗ ನಮ್ಮ ಗಡಿನಾಡಿನ ಮನೆಗಳ ಹಿರಿಯರು ಯಾರ ಸಲಹೆಗೂ ಕಾಯುವವರಲ್ಲ. ಬಾವಿಯ ಆಳವೆಷ್ಟು, ನೀರು ಏರಬೇಕಾದ ಎತ್ತರವೆಷ್ಟು, ಬೇಸಗೆಯಲ್ಲಿ ಒರತೆ ಎಷ್ಟು ಹೊತ್ತು ನಿಲ್ಲುವುದು ಎಂಬುದನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿ, ಇಷ್ಟು ಅಶ್ವಶಕ್ತಿ ಸಾಕು ಎಂದು ನಿರ್ಣಯಿಸಬಲ್ಲರು. ಎರಡು ಅಶ್ವಶಕ್ತಿ ಸಾಕಾಗುವ ಬಾವಿಗೆ ಹತ್ತು ಅಶ್ವಶಕ್ತಿಯ ಪಂಪನ್ನು ಇಳಿಸಿದರೆ ಒರತೆಯೇನೂ ಹೆಚ್ಚುವುದಿಲ್ಲ, ಬಾವಿ ಬೇಗನೆ ಬರಿದಾಗುವುದಷ್ಟೇ ಎಂಬುದು ಅವರ ಅನುಭವಕ್ಕೆ ಬಂದ ಮಾತು. ಆದರೆ ಅದೇ ಮನೆಯ ಮಗನೋ ಮಗಳೋ ಇಂದು ಬಂದು, ತನ್ನ ಉದ್ಯೋಗಕ್ಕೆ ಒಂದು ‘ವರ್ಕ್‌ಸ್ಟೇಷನ್’ ಬೇಕು, ಅದರ ಪ್ರೊಸೆಸರಿಗೇ ಐದು ಲಕ್ಷ ರೂಪಾಯಿ ಆದೀತು ಎಂದಾಗ ಆ ಹಿರಿಯರು ಮೌನ ತಾಳುತ್ತಾರೆ. ಅಳೆಯುವ ಕೋಲು ಅವರ ಕೈಯಲ್ಲಿಲ್ಲ.

ಈ ಮೌನ ಎರಡು ವಿಧದಲ್ಲಿ ಮುಗಿಯುವುದುಂಟು. ಮಕ್ಕಳ ಮೇಲಿನ ಮಮತೆಯಿಂದ ಚಿನ್ನವನ್ನು ಅಡವಿಟ್ಟೋ ದಾಸ್ತಾನಿಟ್ಟ ಅಡಿಕೆಯನ್ನು ಮಾರಿಯೋ ಹಣ ಹೊಂದಿಸಿ ಕೊಡುವುದು ಒಂದು. ಇದೆಲ್ಲ ದುಂದು ಎಂದು ತಳ್ಳಿಹಾಕುವುದು ಇನ್ನೊಂದು. ಎರಡರಲ್ಲೂ ಅಪಾಯವಿದೆ. ಮೊದಲನೆಯದರಲ್ಲಿ ಮನೆಯ ಮುಡಿಪು ವ್ಯರ್ಥವಾಗಬಹುದು. ಎರಡನೆಯದರಲ್ಲಿ, ಊರಲ್ಲೇ ನಿಂತು ದುಡಿಯಬಲ್ಲ ಒಂದು ಜೀವ ಪುನಃ ನಗರದ ದಾರಿ ಹಿಡಿಯಬಹುದು. ಮನೆ ಕಟ್ಟುವವರಿಗೆ ನಕ್ಷೆಯನ್ನೂ ಚಿತ್ರವನ್ನೂ ರಚಿಸಿ ಕೊಡುವುದು, ಮದುವೆಯ ಚಲನಚಿತ್ರಗಳನ್ನು ಸಂಕಲಿಸುವುದು, ದೂರದ ಸಂಸ್ಥೆಗಳಿಗಾಗಿ ಗಣಕದಲ್ಲಿ ಚಿತ್ರಜಗತ್ತನ್ನು ನಿರ್ಮಿಸುವುದು ಮುಂತಾದ ಕಸುಬುಗಳನ್ನು ಕುಂಬಳೆಯಲ್ಲೋ ಅಕ್ಕಲಕೋಟೆಯಲ್ಲೋ ತಾಳವಾಡಿಯಲ್ಲೋ ಕುಳಿತು ಮಾಡಲು ಸಾಧ್ಯವಿರುವ ಈ ಕಾಲದಲ್ಲಿ, ಯಂತ್ರದ ಪ್ರಶ್ನೆ ಕುಟುಂಬದ ಪ್ರಶ್ನೆಯೂ ಆಗಿದೆ. ಆದುದರಿಂದ ಈ ಸಲ ನಾವು ಈ ದುಬಾರಿ ಪ್ರೊಸೆಸರುಗಳ ಬೆಲೆಯನ್ನೂ ಸಾಮರ್ಥ್ಯವನ್ನೂ ತಕ್ಕಡಿಯಲ್ಲಿಟ್ಟು ನೋಡೋಣ.

ಪ್ರೊಸೆಸರು ಎಂದರೆ ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಅಂಗ. ಹಿಂದೆ ಒಂದು ಪ್ರೊಸೆಸರಿನಲ್ಲಿ ಲೆಕ್ಕಿಗನೊಬ್ಬನೇ ಇದ್ದನೆಂದು ಭಾವಿಸಬಹುದು. ಅವನನ್ನು ವರ್ಷದಿಂದ ವರ್ಷಕ್ಕೆ ಹೆಚ್ಚು ಚುರುಕುಗೊಳಿಸುವುದೇ ತಯಾರಕರ ಗುರಿಯಾಗಿತ್ತು. 2004ರ ಸುಮಾರಿಗೆ ಆ ದಾರಿ ಮುಚ್ಚಿತು. ವೇಗ ಏರಿದಷ್ಟೂ ಕಾವು ಏರಿತು. ಇಂಟೆಲ್ ಸಂಸ್ಥೆ ಪೆಂಟಿಯಂ 4ನ್ನು 4 ಗಿಗಾಹರ್ಟ್ಸಿಗೆ ಒಯ್ಯುವ ಯೋಜನೆಯನ್ನು ಆ ವರ್ಷವೇ ಕೈಬಿಟ್ಟಿತು. 2005ರಲ್ಲಿ ಇಂಟೆಲ್ ಮತ್ತು ಎಎಂಡಿ ಎರಡೂ ಸಂಸ್ಥೆಗಳು ಒಂದೇ ಪ್ರೊಸೆಸರಿನಲ್ಲಿ ಇಬ್ಬರು ಲೆಕ್ಕಿಗರನ್ನು ಕೂರಿಸಿ ಮನೆಬಳಕೆಯ ಮಾರುಕಟ್ಟೆಗೆ ತಂದವು. ಆ ಒಬ್ಬೊಬ್ಬ ಲೆಕ್ಕಿಗನನ್ನೇ ‘ಕೋರ್’ ಎನ್ನುವುದು. ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. ಇಂದು ಮೇಜಿನ ಮೇಲಿಡುವ ಯಂತ್ರಕ್ಕೆಂದೇ 96 ಕೋರುಗಳ ಪ್ರೊಸೆಸರು ದೊರೆಯುತ್ತದೆ.

ಲೆಕ್ಕಿಗರು ಹೆಚ್ಚಾದರೆ ಕೆಲಸ ಬೇಗ ಮುಗಿಯುವುದೆ? ಈ ಪ್ರಶ್ನೆಗೆ ಉತ್ತರ ಅಡಿಕೆ ಬೆಳೆಯುವ ಪ್ರತಿಯೊಂದು ಮನೆಯ ಅಂಗಳದಲ್ಲಿದೆ. ಹಣ್ಣಡಿಕೆಯನ್ನು ಕೊಯ್ದು ಅಂಗಳದಲ್ಲಿ ಹರವಿದರೆ ಒಣಗಲು ಸುಮಾರು ನಲುವತ್ತು ದಿನಗಳ ಬಿಸಿಲು ಬೇಕು. ಆಮೇಲೆ ಸುಲಿಯುವ ಕೆಲಸ. ಸುಲಿಯುವುದಕ್ಕೆ ಒಬ್ಬನ ಬದಲು ಹತ್ತು ಮಂದಿ ಕುಳಿತರೆ ಇಪ್ಪತ್ತು ದಿನಗಳ ಕೆಲಸ ಎರಡೇ ದಿನಗಳಲ್ಲಿ ಮುಗಿದೀತು. ಆದರೆ ಹತ್ತಲ್ಲ, ನೂರು ಮಂದಿ ಅಂಗಳದ ಸುತ್ತ ನಿಂತರೂ ನಲುವತ್ತು ದಿನಗಳ ಬಿಸಿಲು ನಾಲ್ಕು ದಿನಗಳಿಗೆ ಇಳಿಯದು. ಹಂಚಿಕೊಳ್ಳಬಹುದಾದ ಕೆಲಸ ಬೇರೆ, ಹಂಚಲಾಗದ ಕೆಲಸ ಬೇರೆ. ಗಣಕದ ಕೆಲಸಗಳಲ್ಲೂ ಇದೇ ಭೇದವಿದೆ.

ಈ ಭೇದವನ್ನು ಗಣಿತದ ಭಾಷೆಯಲ್ಲಿ ಮುಂದಿಟ್ಟವರು ಐಬಿಎಂ ಸಂಸ್ಥೆಯ ಪ್ರಸಿದ್ಧ ಗಣಕಶಿಲ್ಪಿ ಜೀನ್ ಅಮ್ಡಾಲ್. 1967ರಲ್ಲಿ ಅವರು ಮಂಡಿಸಿದ ವಾದ ‘ಅಮ್ಡಾಲ್ ನಿಯಮ’ವೆಂದೇ ಹೆಸರಾಗಿದೆ. ಒಂದು ಉದಾಹರಣೆಯಿಂದ ಅದನ್ನು ಸ್ಪಷ್ಟಗೊಳಿಸಬಹುದು. ಒಂದೇ ಕೋರು 100 ನಿಮಿಷಗಳಲ್ಲಿ ಮುಗಿಸುವ ಒಂದು ಕೆಲಸವಿದೆಯೆನ್ನೋಣ. ಅದರಲ್ಲಿ 90 ನಿಮಿಷಗಳ ಭಾಗವನ್ನು ಹಂಚಬಹುದು, 10 ನಿಮಿಷಗಳ ಭಾಗವನ್ನು ಹಂಚಲಾಗದು. ಅಷ್ಟೇ ಚುರುಕಿನ 16 ಕೋರುಗಳಿಗೆ ಹಂಚಿದರೆ ಕೆಲಸ ಸುಮಾರು 15.6 ನಿಮಿಷಗಳಲ್ಲಿ ಮುಗಿಯುತ್ತದೆ. 64 ಕೋರುಗಳಿಗೆ ಹಂಚಿದರೆ 11.4 ನಿಮಿಷ. ಕೋರುಗಳು ನಾಲ್ಕು ಪಟ್ಟು ಹೆಚ್ಚಿದರೂ ಉಳಿದ ಕಾಲ ನಾಲ್ಕು ನಿಮಿಷಗಳಷ್ಟೇ. ಕೋರುಗಳ ಸಂಖ್ಯೆ ಸಾವಿರವಾದರೂ ಆ 10 ನಿಮಿಷ ಕರಗದು.

ಹಂಚಲಾಗದ ಭಾಗ 1 ನಿಮಿಷವಷ್ಟೇ ಆದರೆ ಚಿತ್ರವೇ ಬೇರೆ: 16 ಕೋರುಗಳಿಗೆ 7.2 ನಿಮಿಷ, 64 ಕೋರುಗಳಿಗೆ ಎರಡೂವರೆ ನಿಮಿಷ. ಅದೇ, ಕೆಲಸದ ಅರ್ಧಭಾಗ ಹಂಚಲಾಗದ್ದಾಗಿದ್ದರೆ 16 ಕೋರುಗಳಿಗೆ 53 ನಿಮಿಷ, 64 ಕೋರುಗಳಿಗೆ 51 ನಿಮಿಷ. ಅಂದರೆ ದುಬಾರಿ ಪ್ರೊಸೆಸರು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಪ್ರೊಸೆಸರನ್ನು ನೋಡಿ ಉತ್ತರ ಹೇಳಲಾಗದು. ಅದಕ್ಕೆ ವಹಿಸುವ ಕೆಲಸವನ್ನು ನೋಡಬೇಕು. ಹಂಚಲು ಬರುವ ಕೆಲಸಗಳ ಮಹತ್ವವನ್ನು ನಮ್ಮ ದೇಶ ಬಹಳ ಹಿಂದೆಯೇ ಮನಗಂಡಿದೆ. ಬೆಂಗಳೂರಿನ ಎನ್.ಎ.ಎಲ್. 1986ರಲ್ಲಿ ಆರಂಭಿಸಿದ ‘ಫ್ಲೋಸಾಲ್ವರ್’, ಪುಣೆಯ ಸಿ-ಡ್ಯಾಕ್ 1991ರಲ್ಲಿ ಹೊರತಂದ ‘ಪರಮ್ 8000’, ಎರಡೂ ಹಲವು ಪ್ರೊಸೆಸರುಗಳಿಗೆ ಒಂದೇ ಲೆಕ್ಕವನ್ನು ಹಂಚಿಕೊಟ್ಟು ದುಡಿಸಿದ ಯಂತ್ರಗಳೇ. ವಿಮಾನದ ರೆಕ್ಕೆಯ ಸುತ್ತ ಗಾಳಿ ಹರಿಯುವ ಬಗೆಯಂತಹ ಲೆಕ್ಕಗಳು ಹಾಗೆ ಹಂಚಲು ಒಗ್ಗುವಂಥವು. ಎಲ್ಲ ಲೆಕ್ಕಗಳೂ ಹಾಗಲ್ಲ.

ಇನ್ನು ಬೆಲೆಯ ಕಡೆಗೆ ತಿರುಗೋಣ. ಎಎಂಡಿ ಸಂಸ್ಥೆಯ ಪ್ರೊಸೆಸರುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು, ಏಕೆಂದರೆ ಸಾಮಾನ್ಯದಿಂದ ಅತ್ಯುನ್ನತದವರೆಗೆ ಮೆಟ್ಟಿಲುಗಳು ಅಲ್ಲಿ ಸ್ಪಷ್ಟವಾಗಿವೆ. 2024ರಲ್ಲಿ ಬಂದ ‘ರೈಜನ್ 9 9950ಎಕ್ಸ್’ಗೆ 16 ಕೋರುಗಳು, ಬಿಡುಗಡೆಯ ಬೆಲೆ 649 ಡಾಲರ್. 2025ರಲ್ಲಿ ಬಂದ ‘ಥ್ರೆಡ್‌ರಿಪ್ಪರ್’ ಮಾಲಿಕೆಯಲ್ಲಿ 24 ಕೋರುಗಳದ್ದಕ್ಕೆ 1,499 ಡಾಲರ್, 32 ಕೋರುಗಳದ್ದಕ್ಕೆ 2,499 ಡಾಲರ್, 64 ಕೋರುಗಳದ್ದಕ್ಕೆ 4,999 ಡಾಲರ್. ಅದರ ‘ಪ್ರೊ’ ಶಾಖೆಯ 96 ಕೋರುಗಳದ್ದಕ್ಕೆ 11,699 ಡಾಲರ್. ಡಾಲರಿಗೆ 90 ರೂಪಾಯಿಯೆಂದು ಹಿಡಿದು ಶೇಕಡಾ 18ರ ಜಿಎಸ್‌ಟಿಯನ್ನು ಸೇರಿಸಿದರೆ ಇವು ಕ್ರಮವಾಗಿ ಸುಮಾರು 69 ಸಾವಿರ, 1 ಲಕ್ಷ 59 ಸಾವಿರ, 2 ಲಕ್ಷ 65 ಸಾವಿರ, 5 ಲಕ್ಷ 31 ಸಾವಿರ ಮತ್ತು 12 ಲಕ್ಷ 42 ಸಾವಿರ ರೂಪಾಯಿಗಳಾಗುತ್ತವೆ. ಅಂಗಡಿಯ ಬೆಲೆ ಇದಕ್ಕಿಂತ ಅತ್ತಿತ್ತ ಆಗುವುದು ಸಹಜ.

ಈ ಅಂಕಿಗಳಲ್ಲಿ ಒಂದು ವಿಚಿತ್ರವಿದೆ. ತೆಂಗಿನಕಾಯಿಯನ್ನು ನೂರರ ಲೆಕ್ಕದಲ್ಲಿ ಕೊಂಡರೆ ಬಿಡಿಕಾಯಿಯ ಬೆಲೆ ಇಳಿಯುತ್ತದೆ. ಸಗಟು ವ್ಯಾಪಾರದ ಧರ್ಮವೇ ಅದು. ಇಲ್ಲಿ ಅದಕ್ಕೆ ವಿರುದ್ಧ. 16 ಕೋರುಗಳ ಪ್ರೊಸೆಸರಿನಲ್ಲಿ ಕೋರೊಂದಕ್ಕೆ ಬೀಳುವ ಬೆಲೆ ಸುಮಾರು 41 ಡಾಲರ್. 24 ಕೋರುಗಳದ್ದರಲ್ಲಿ 62. 64 ಕೋರುಗಳದ್ದರಲ್ಲಿ 78. 96 ಕೋರುಗಳದ್ದರಲ್ಲಿ 122. ಹೆಚ್ಚು ಕೊಂಡಷ್ಟೂ ಬಿಡಿಯ ಬೆಲೆ ಏರುತ್ತದೆ. ಇಷ್ಟೇ ಅಲ್ಲ, ಕೋರುಗಳು ಹೆಚ್ಚಿದಂತೆ ಒಂದೊಂದರ ನಡಿಗೆಯೂ ನಿಧಾನವಾಗುತ್ತದೆ. 16 ಕೋರುಗಳದ್ದರ ಮೂಲವೇಗ 4.3 ಗಿಗಾಹರ್ಟ್ಸ್, 64 ಕೋರುಗಳದ್ದರದು 3.2, 96 ಕೋರುಗಳದ್ದರದು 2.5. ಕೋರುಗಳ ಸಂಖ್ಯೆಯನ್ನು ಮೂಲವೇಗದಿಂದ ಗುಣಿಸಿದರೆ, ಪೂರ್ತಿಯಾಗಿ ಹಂಚಬಲ್ಲ ಕೆಲಸದಲ್ಲೂ 64 ಕೋರುಗಳದ್ದು 16 ಕೋರುಗಳದ್ದಕ್ಕಿಂತ ಹೆಚ್ಚು ಕಡಿಮೆ ಮೂರು ಪಟ್ಟು ಮುಂದಿರುತ್ತದೆ. ಬೆಲೆಯಾದರೋ ಏಳೂವರೆ ಪಟ್ಟಿಗೂ ಮಿಗಿಲು.

ಹೀಗೇಕೆ? ತಯಾರಿಕೆಯ ಕಷ್ಟವೇ ಕಾರಣವೆಂದು ಮೇಲುನೋಟಕ್ಕೆ ತೋರುತ್ತದೆ. ಔತಣಕ್ಕೆ ಬಾಳೆಲೆಗಳನ್ನು ಸಿದ್ಧಪಡಿಸುವವರು ಬಲ್ಲರು: ಉದ್ದದ ಎಲೆಯನ್ನು ಇಡಿಯಾಗಿ ಬಳಸಬೇಕೆಂದರೆ ಎಲ್ಲೋ ಒಂದೆಡೆ ಹರಿದಿದ್ದರೂ ಇಡೀ ಎಲೆ ಕೆಲಸಕ್ಕೆ ಬಾರದು, ಸಣ್ಣ ಸಣ್ಣ ತುಂಡುಗಳಾಗಿ ಕೊಯ್ದರೆ ಹರಿದ ತುಂಡು ಮಾತ್ರ ನಷ್ಟ. ಸಿಲಿಕಾನ್ ಬಿಲ್ಲೆಯಲ್ಲೂ ಅಲ್ಲಲ್ಲಿ ಸೂಕ್ಷ್ಮ ದೋಷಗಳಿರುತ್ತವೆ. ಆದುದರಿಂದ ದೊಡ್ಡ ಪ್ರೊಸೆಸರನ್ನು ಒಂದೇ ತುಂಡಾಗಿ ಮಾಡದೆ ಎಂಟೆಂಟು ಕೋರುಗಳ ಸಣ್ಣ ತುಂಡುಗಳನ್ನು ಜೋಡಿಸುವ ಉಪಾಯ ಬಂತು. ಮೇಲೆ ಹೇಳಿದ 16 ಕೋರುಗಳದ್ದರಲ್ಲಿ ಅಂತಹ ತುಂಡುಗಳು ಎರಡು, 64 ಕೋರುಗಳದ್ದರಲ್ಲಿ ಎಂಟು. ಅದೇ ಜಾತಿಯ ತುಂಡುಗಳು. ಹಾಗಾದರೆ ಬೆಲೆ ನಾಲ್ಕು ಪಟ್ಟಾಗಬೇಕಿತ್ತಲ್ಲವೆ? ಉಳಿದ ಬೆಲೆ ಬೀಳುವುದು ಬೇರೆ ಕಾರಣಗಳಿಗೆ: ಮೆಮೊರಿಗೆ ಹೆಚ್ಚಿನ ದಾರಿಗಳು, ಗ್ರಾಫಿಕ್ಸ್ ಕಾರ್ಡುಗಳನ್ನು ಸೇರಿಸಲು ಹೆಚ್ಚಿನ ಸಂಪರ್ಕಗಳು, ಮತ್ತು ಮುಖ್ಯವಾಗಿ, ಕೊಳ್ಳುವವನಿಗೆ ಅನ್ಯಮಾರ್ಗ ವಿರಳವಾಗಿರುವುದು.

ಪೈಪೋಟಿಯ ಮಹಿಮೆಯನ್ನು ಈಚಿನ ಚರಿತ್ರೆಯೇ ಹೇಳುತ್ತದೆ. 2017ರಲ್ಲಿ ಇಂಟೆಲ್ 18 ಕೋರುಗಳ ಪ್ರೊಸೆಸರಿಗೆ 1,999 ಡಾಲರ್ ಬೆಲೆ ಇಟ್ಟರೆ, ಅದೇ ವರ್ಷ ಎಎಂಡಿ 16 ಕೋರುಗಳ ಮೊದಲ ಥ್ರೆಡ್‌ರಿಪ್ಪರನ್ನು 999 ಡಾಲರಿಗೆ ತಂದಿತು. 2019ರಲ್ಲಿ ಇಂಟೆಲ್ ತನ್ನ 18 ಕೋರುಗಳ ಹೊಸ ಪ್ರೊಸೆಸರಿನ ಬೆಲೆಯನ್ನು 979 ಡಾಲರಿಗೆ, ಅಂದರೆ ಅರ್ಧಕ್ಕೆ, ಇಳಿಸಬೇಕಾಯಿತು. ಆದರೆ ಆ ಬಳಿಕ ಇಂಟೆಲ್ ಈ ಕಣದಲ್ಲಿ ಹಿಂದೆ ಬಿದ್ದಾಗ ಗಾಳಿ ತಿರುಗಿತು. 32 ಕೋರುಗಳ ಥ್ರೆಡ್‌ರಿಪ್ಪರಿನ ಬೆಲೆ 2018ರಲ್ಲಿ 1,799 ಡಾಲರ್ ಇದ್ದುದು 2019ರಲ್ಲಿ 1,999 ಆಯಿತು, 2023ರಲ್ಲಿ 2,499 ಆಯಿತು. 64 ಕೋರುಗಳದ್ದು 2020ರಲ್ಲಿ 3,990 ಇದ್ದುದು 2023ರಲ್ಲಿ 4,999ಕ್ಕೆ ಏರಿತು. ಅದೇ ಅವಧಿಯಲ್ಲಿ, ಪೈಪೋಟಿ ಬಿರುಸಾಗಿದ್ದ ಸಾಮಾನ್ಯ ಶ್ರೇಣಿಯಲ್ಲಿ 16 ಕೋರುಗಳದ್ದು 2019ರ 749 ಡಾಲರಿನಿಂದ 2024ರಲ್ಲಿ 649ಕ್ಕೆ ಇಳಿಯಿತು; ವೇಗವಂತೂ ಬಹಳ ಹೆಚ್ಚಿತು. ಮಧ್ಯಮ ವರ್ಗದ ಕೈಗೆ ಎಟಕುವ ಮೆಟ್ಟಿಲಿನಲ್ಲಿಯೇ ಹಣಕ್ಕೆ ಹೆಚ್ಚಿನ ಫಲ ದೊರೆಯುತ್ತಿದೆಯೆಂಬುದು ಇದರಿಂದ ವಿದಿತವಾಗುತ್ತದೆ.

ಹಾಗೆಂದು ದೊಡ್ಡ ಪ್ರೊಸೆಸರುಗಳೆಲ್ಲ ಬರಿಯ ಆಡಂಬರವೆಂದು ತೀರ್ಮಾನಿಸುವುದು ಅನ್ಯಾಯ. ಲೆಕ್ಕಿಗರು ಎಷ್ಟೇ ಮಂದಿ ಇರಲಿ, ಕಡತಗಳನ್ನು ತಂದುಕೊಡುವವರು ಇಲ್ಲದಿದ್ದರೆ ಅವರು ಕೈಕಟ್ಟಿ ಕೂರಬೇಕಷ್ಟೆ. ಗಣಕದಲ್ಲಿ ಕಡತದ ಕೋಣೆಯೆಂದರೆ ಮೆಮೊರಿ. ಸಾಮಾನ್ಯ ಪ್ರೊಸೆಸರಿಗೆ ಮೆಮೊರಿಯ ಕಡೆಗೆ ಎರಡು ದಾರಿಗಳು, ಥ್ರೆಡ್‌ರಿಪ್ಪರಿಗೆ ನಾಲ್ಕು, ಅದರ ಪ್ರೊ ಶಾಖೆಗೆ ಎಂಟು. ದ್ರವಗಳ ಹರಿವು, ಸೇತುವೆಯ ಬಲಾಬಲ ಮುಂತಾದ ದೊಡ್ಡ ಲೆಕ್ಕಗಳಲ್ಲಿ ಕೋರುಗಳ ಸಂಖ್ಯೆಗಿಂತ ಈ ದಾರಿಗಳ ಅಗಲವೇ ಮುಖ್ಯವಾಗುವುದುಂಟು. ದಾರಿಯನ್ನು ಅಗಲಿಸದೆ ಮಂದಿಯನ್ನು ಮಾತ್ರ ಹೆಚ್ಚಿಸಿದರೆ ಏನಾಗುವುದೆಂಬುದಕ್ಕೆ 2018ರ 32 ಕೋರುಗಳ ‘2990ಡಬ್ಲ್ಯುಎಕ್ಸ್’ ನಿದರ್ಶನ. ಅದರ ಅರ್ಧದಷ್ಟು ಕೋರುಗಳಿಗೆ ಮೆಮೊರಿಯೊಡನೆ ನೇರ ಸಂಪರ್ಕವಿರಲಿಲ್ಲ; ನೆರೆಯ ತುಂಡಿನ ಮೂಲಕ ಕೇಳಿ ಪಡೆಯಬೇಕಿತ್ತು. ಚಿತ್ರ ಬಿಡಿಸುವ ಕೆಲಸದಲ್ಲಿ ಅದು ಮೆರೆಯಿತಾದರೂ, ಬೇರೆ ಕೆಲವು ಕೆಲಸಗಳಲ್ಲಿ ತನ್ನದೇ ಕುಲದ 16 ಕೋರುಗಳ ಅಗ್ಗದ ಪ್ರೊಸೆಸರಿಗಿಂತ ಹಿಂದುಳಿಯಿತು.

ಈಗ ನಮ್ಮ ಮನೆಗಳ ಕಸುಬುಗಳನ್ನು ಒಂದೊಂದಾಗಿ ಪರಿಶೀಲಿಸೋಣ. ಕಟ್ಟಡಗಳ ನಕ್ಷೆ ಬರೆಯುವವರ ಕೆಲಸ ಬಹುಮಟ್ಟಿಗೆ ಒಂದೇ ಕೋರಿನ ಮೇಲೆ ನಿಂತಿದೆ. ಆಟೋಕ್ಯಾಡಿನಂತಹ ತಂತ್ರಾಂಶ ಹೆಚ್ಚಿನ ಕಾರ್ಯಗಳನ್ನು ಒಂದು ಕೋರಿನಿಂದಲೇ ಮಾಡಿಸುತ್ತದೆ. ಇವರಿಗೆ ಬೇಕಾದುದು ಚುರುಕಾದ ಕೆಲವೇ ಕೋರುಗಳು. 64 ಕೋರುಗಳದ್ದನ್ನು ತಂದಿಟ್ಟರೆ 63 ಮಂದಿ ತೂಕಡಿಸುತ್ತಾರೆ. ಮದುವೆಯ ಚಲನಚಿತ್ರಗಳನ್ನು ಸಂಕಲಿಸುವವರ ಕೆಲಸ ಸ್ವಲ್ಪಮಟ್ಟಿಗೆ ಹಂಚಲು ಬರುತ್ತದೆ. ಆದರೆ ಕ್ಯಾಮರಾದಿಂದ ಬಂದ ಚಿತ್ರವನ್ನು ಬಿಚ್ಚುವುದಕ್ಕೂ ಪುನಃ ಮಡಚುವುದಕ್ಕೂ ಇಂಟೆಲಿನ ಸಾಮಾನ್ಯ ಪ್ರೊಸೆಸರುಗಳ ಒಳಗಿರುವ ಗ್ರಾಫಿಕ್ಸ್ ಭಾಗದಲ್ಲೂ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡುಗಳಲ್ಲೂ ಅದಕ್ಕೆಂದೇ ಮೀಸಲಾದ ಅಂಗವಿರುತ್ತದೆ. ಥ್ರೆಡ್‌ರಿಪ್ಪರಿನ ಒಳಗೆ ಗ್ರಾಫಿಕ್ಸ್ ಭಾಗವೇ ಇಲ್ಲ. ಹಾಗಾಗಿ ಸಂಕಲನಕಾರರಿಗೆ ಮಧ್ಯಮ ಪ್ರೊಸೆಸರು, ಸಾಕಷ್ಟು ಮೆಮೊರಿ, ಒಳ್ಳೆಯ ಗ್ರಾಫಿಕ್ಸ್ ಕಾರ್ಡು, ವೇಗದ ಸಂಗ್ರಹ, ಇವು ನಾಲ್ಕೂ ಸಮತೂಕದಲ್ಲಿರುವುದು ಲೇಸು.

ಗಣಕದಲ್ಲಿ ಮೂರು ಆಯಾಮದ ದೃಶ್ಯಗಳನ್ನು ರಚಿಸಿ, ಬೆಳಕು ನೆರಳುಗಳೊಂದಿಗೆ ಪೂರ್ಣಚಿತ್ರವಾಗಿ ಇಳಿಸುವ ‘ರೆಂಡರಿಂಗ್’ ಕೆಲಸವೇ ಕೋರುಗಳಿಗೆ ನಿಜವಾದ ಹಬ್ಬ. ಚಿತ್ರವನ್ನು ಚೌಕಗಳಾಗಿ ಒಡೆದು ಒಂದೊಂದು ಕೋರಿಗೆ ಒಂದೊಂದು ಚೌಕವನ್ನು ಕೊಟ್ಟರೆ ಒಂದು ಇನ್ನೊಂದಕ್ಕೆ ಕಾಯಬೇಕಾಗಿಲ್ಲ. ಆದರೂ ಇಲ್ಲೊಂದು ವಿಚಾರವನ್ನು ಮರೆಯಬಾರದು. ಬ್ಲೆಂಡರಿನ ‘ಸೈಕಲ್ಸ್’ ಮುಂತಾದ ರೆಂಡರಿಂಗ್ ತಂತ್ರಾಂಶಗಳು ಈ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿನಿಂದಲೂ ಮಾಡಿಸಬಲ್ಲವು, ಮತ್ತು ಅನೇಕ ಸಂದರ್ಭಗಳಲ್ಲಿ ಅದೇ ಹಣಕ್ಕೆ ಹೆಚ್ಚು ಬೇಗ ಮಾಡಿಸುತ್ತವೆ. ದೃಶ್ಯವು ಕಾರ್ಡಿನ ಮೆಮೊರಿಯಲ್ಲಿ ಹಿಡಿಸದಷ್ಟು ದೊಡ್ಡದಾದಾಗ, ಅಥವಾ ಬಳಸುವ ತಂತ್ರಾಂಶವು ಪ್ರೊಸೆಸರನ್ನೇ ಅವಲಂಬಿಸಿದಾಗ ದೊಡ್ಡ ಪ್ರೊಸೆಸರಿನ ಹಕ್ಕು ಬಲವಾಗುತ್ತದೆ. ವೈಜ್ಞಾನಿಕ ಲೆಕ್ಕಗಳಲ್ಲಿ ತೊಡಗಿದವರ ಮಾತೂ ಹಾಗೆಯೇ. ಆದರೆ ಕೋರುಗಳ ಸಂಖ್ಯೆಗೆ ತಕ್ಕಂತೆ ಪರವಾನಗಿಯ ಶುಲ್ಕ ವಿಧಿಸುವ ತಂತ್ರಾಂಶಗಳೂ ಇವೆ. ಅಲ್ಲಿ ಪ್ರತಿಯೊಂದು ಹೆಚ್ಚಿನ ಕೋರಿಗೂ ಎರಡು ಸಲ ಹಣ ತೆರಬೇಕಾಗುತ್ತದೆ.

ಇಷ್ಟನ್ನು ತಿಳಿದ ಮೇಲೆ ಮನೆಯವರು ಒಟ್ಟಿಗೆ ಕುಳಿತು ಮಾಡಬೇಕಾದ ಲೆಕ್ಕ ಕಷ್ಟದ್ದಲ್ಲ. ದೊಡ್ಡ ಪ್ರೊಸೆಸರು ಒಂಟಿಯಾಗಿ ಬರುವುದಿಲ್ಲ. ಅದಕ್ಕೆ ತಕ್ಕ ದುಬಾರಿ ಮದರ್‌ಬೋರ್ಡು ಬೇಕು, ‘ರಿಜಿಸ್ಟರ್ಡ್’ ಎಂಬ ಪ್ರತ್ಯೇಕ ಜಾತಿಯ ಮೆಮೊರಿ ಬೇಕು, ದೊಡ್ಡ ವಿದ್ಯುತ್ ಪೂರೈಕೆಯ ಪೆಟ್ಟಿಗೆ ಬೇಕು, ತಂಪುಗೊಳಿಸುವ ಏರ್ಪಾಡು ಬೇಕು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿದುದರಿಂದ ಈ ಭಾಗದ ಖರ್ಚನ್ನು ಲಘುವಾಗಿ ಕಾಣುವಂತಿಲ್ಲ. 16 ಕೋರುಗಳ ಯಂತ್ರಕ್ಕೂ 64 ಕೋರುಗಳ ಯಂತ್ರಕ್ಕೂ ಒಟ್ಟು ಅಂತರ 6 ಲಕ್ಷ ರೂಪಾಯಿಯೆಂದು ಇಟ್ಟುಕೊಳ್ಳೋಣ. ಯಂತ್ರ ನಾಲ್ಕು ವರ್ಷ ದುಡಿಯುವುದೆಂದು ಹಿಡಿದರೆ ತಿಂಗಳಿಗೆ 12,500 ರೂಪಾಯಿ. ತಿಂಗಳಿಗೆ 25 ದಿನಗಳ ಕೆಲಸವಾದರೆ ದಿನಕ್ಕೆ 500 ರೂಪಾಯಿ. ಶೇಕಡಾ 10ರ ಬಡ್ಡಿಗೆ ಸಾಲ ತಂದರೆ ತಿಂಗಳ ಕಂತು ಸುಮಾರು 15,200 ಆಗಿ ದಿನದ ಲೆಕ್ಕ 600ನ್ನು ಮೀರುತ್ತದೆ. ಕೇಳಬೇಕಾದ ಪ್ರಶ್ನೆ ಇಷ್ಟೇ: ಸಣ್ಣ ಯಂತ್ರದಿಂದ ಬರುವ ಸಂಪಾದನೆಗಿಂತ ದಿನಕ್ಕೆ 600 ರೂಪಾಯಿ ಹೆಚ್ಚನ್ನು ಈ ದೊಡ್ಡ ಯಂತ್ರ ಪ್ರತಿದಿನವೂ ತಂದುಕೊಡುವುದೆ?

ಉತ್ತರ ಹೇಳುವಾಗ ಉಳಿತಾಯವಾದ ಕಾಲವೆಲ್ಲ ಹಣವೆಂದು ಭ್ರಮಿಸಬಾರದು. ರಾತ್ರಿ ಮಲಗುವಾಗ ರೆಂಡರಿಂಗಿಗೆ ಹಚ್ಚಿ ಬೆಳಗ್ಗೆ ಎದ್ದು ಫಲವನ್ನು ನೋಡುವವನಿಗೆ ಆ ಕೆಲಸ ಎರಡು ಗಂಟೆಗೆ ಮುಗಿದರೂ ಆರು ಗಂಟೆಗೆ ಮುಗಿದರೂ ಒಂದೇ. ಹಗಲಿನಲ್ಲಿ ಗಿರಾಕಿ ಎದುರು ಕುಳಿತಿರುವಾಗ, ಗೋಡೆಯ ಬಣ್ಣ ಬದಲಿಸಿ ನೋಡಬೇಕೆಂದು ಹತ್ತು ಸಲ ಹೇಳುತ್ತಿರುವಾಗ ಉಳಿಯುವ ಹತ್ತು ನಿಮಿಷಕ್ಕೆ ಬೆಲೆಯಿದೆ. ಕೆಲಸ ಕೈತುಂಬ ಇದ್ದು ಕಾಲ ಸಾಲದೆ ತಿರಸ್ಕರಿಸಬೇಕಾದ ಸ್ಥಿತಿ ಬಂದವನಿಗೆ ಬೆಲೆಯಿದೆ. ಕೆಲಸವೇ ಇನ್ನೂ ಹುಟ್ಟಬೇಕಾದವನಿಗೆ ಅದೇ ನಿಮಿಷಗಳು ಬರಿಯ ಬಿಡುವು.

ವಿದ್ಯುತ್ತಿನ ವಿಚಾರದಲ್ಲಿ ಎರಡು ಮುಖಗಳಿವೆ. 16 ಕೋರುಗಳದ್ದಕ್ಕೆ ತಯಾರಕರು ಹೇಳುವ ಟಿಡಿಪಿ 170 ವ್ಯಾಟ್, 64 ಕೋರುಗಳದ್ದಕ್ಕೆ 350 ವ್ಯಾಟ್. ಪೂರ್ಣಭಾರದಲ್ಲಿ ಸಣ್ಣ ಯಂತ್ರ ಒಟ್ಟಾರೆ 300 ವ್ಯಾಟ್, ದೊಡ್ಡದು 600 ವ್ಯಾಟ್ ಎಳೆಯುವುದೆನ್ನೋಣ. ಪೂರ್ತಿ ಹಂಚಬಲ್ಲ ಕೆಲಸವನ್ನು ಸಣ್ಣದು 5 ಗಂಟೆಗಳಲ್ಲಿ ಮುಗಿಸಿದರೆ ಒಂದೂವರೆ ಯೂನಿಟ್. ದೊಡ್ಡದು ಮೂರು ಪಟ್ಟು ವೇಗದಲ್ಲಿ 1 ಗಂಟೆ 40 ನಿಮಿಷಗಳಲ್ಲಿ ಮುಗಿಸಿದರೆ ಒಂದೇ ಯೂನಿಟ್. ತಕ್ಕ ಕೆಲಸ ಸಿಕ್ಕಿದರೆ ದೊಡ್ಡದೇ ಮಿತವ್ಯಯಿ. ತಕ್ಕ ಕೆಲಸವಿಲ್ಲದೆ ದಿನವಿಡೀ ಉರಿಯುತ್ತಿದ್ದರೆ ಅದೇ ದುಂದುಗಾರ. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎಯ ಯುಪಿಎಸ್ ಇಂತಹ ಯಂತ್ರದ ಪೂರ್ಣಭಾರವನ್ನು ಹೊರಲಾರದೆಂಬುದನ್ನೂ, ತುಲಾಮಾಸದ ಸಿಡಿಲಿಗೆ ಹೆದರಿ ಟಿವಿಯ ಪ್ಲಗ್ಗನ್ನು ಕಿತ್ತಿಡುವ ನಮ್ಮ ಮನೆಗಳಲ್ಲಿ ಐದು ಲಕ್ಷದ ಯಂತ್ರಕ್ಕೆ ಭೂಸಂಪರ್ಕವೂ ಸಿಡಿಲುರಕ್ಷೆಯೂ ಸರಿಯಾಗಿರಬೇಕೆಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಗಡಿಯ ಆಚೆ ಈಚೆ ತೆರಿಗೆ ಬೇರೆ ಬೇರೆಯಾಗಿದ್ದ ಕಾಲದಲ್ಲಿ ಎಲ್ಲಿ ಅಗ್ಗವೋ ಅಲ್ಲಿಗೆ ಹೋಗಿ ಕೊಳ್ಳುವ ವಾಡಿಕೆ ನಮ್ಮಲ್ಲಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಕಾಸರಗೋಡಿನಲ್ಲೂ ಮಂಗಳೂರಿನಲ್ಲೂ, ಸೊಲ್ಲಾಪುರದಲ್ಲೂ ವಿಜಯಪುರದಲ್ಲೂ ಈ ವಸ್ತುಗಳ ಮೇಲಿನ ತೆರಿಗೆ ಸಮಾನ. ಹಾಗಾಗಿ ಕೊಳ್ಳುವ ಸ್ಥಳವನ್ನು ತೆರಿಗೆಯಿಂದಲ್ಲ, ದುರಸ್ತಿಯ ಅನುಕೂಲದಿಂದ ನಿರ್ಣಯಿಸಬೇಕು. ಬೋರ್ಡು ಕೆಟ್ಟರೆ ಯಾರ ಬಳಿಗೆ ಒಯ್ಯಬೇಕು, ಎಷ್ಟು ದಿನ ಯಂತ್ರವಿಲ್ಲದೆ ಕೂರಬೇಕು ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಉದ್ಯಮವನ್ನು ಜಿಎಸ್‌ಟಿಯಲ್ಲಿ ಸಾಮಾನ್ಯ ಕ್ರಮದಂತೆ ನೋಂದಾಯಿಸಿದವರು ಖರೀದಿಯ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಲು ಅವಕಾಶವಿದೆ. ದೊಡ್ಡ ಯಂತ್ರವನ್ನೇ ಮುಂದೆ ಹಂತಹಂತವಾಗಿ ಉತ್ತಮಪಡಿಸಿಕೊಳ್ಳಬಹುದೆಂಬ ಭರವಸೆಯ ಮೇಲೆ ಹೆಚ್ಚು ಹಣ ಸುರಿಯುವುದೂ ಕ್ಷೇಮವಲ್ಲ. 2019ರ ಥ್ರೆಡ್‌ರಿಪ್ಪರಿಗೆಂದು ಬಂದ ಮದರ್‌ಬೋರ್ಡುಗಳಿಗೆ ಮುಂದಿನ ತಲೆಮಾರಿನ ಪ್ರೊಸೆಸರು ಹೊಂದಲೇ ಇಲ್ಲ.

ಹಾಗಾದರೆ ಮೊದಲ ಹೆಜ್ಜೆ ಯಾವುದು? ಈಗ ಕೈಯಲ್ಲಿರುವ ಯಂತ್ರದಲ್ಲಿ ದಿನನಿತ್ಯದ ಕೆಲಸವನ್ನು ನಡೆಸುತ್ತ, ಕೋರುಗಳು ಎಷ್ಟು ದುಡಿಯುತ್ತಿವೆ ಎಂಬುದನ್ನು ತೋರಿಸುವ ‘ಟಾಸ್ಕ್ ಮ್ಯಾನೇಜರ್’ ಪುಟವನ್ನು ಒಂದು ವಾರ ಗಮನಿಸುವುದು. ಇದಕ್ಕೆ ಖರ್ಚೇನೂ ಇಲ್ಲ. ಯಂತ್ರ ತಡವರಿಸುವಾಗ ಎಲ್ಲ ಕೋರುಗಳೂ ಪೂರ್ಣಭಾರದಲ್ಲಿದ್ದರೆ ಹೆಚ್ಚಿನ ಕೋರುಗಳಿಂದ ಪ್ರಯೋಜನವಾದೀತು. ಒಂದೇ ಕೋರು ದುಡಿಯುತ್ತಿದ್ದು ಉಳಿದವು ಸುಮ್ಮನಿದ್ದರೆ ಚುರುಕಾದ ಕೋರು ಬೇಕೇ ಹೊರತು ಹೆಚ್ಚಿನವಲ್ಲ. ಮೆಮೊರಿ ತುಂಬಿಹೋಗಿದ್ದರೆ ಮೆಮೊರಿಯನ್ನಷ್ಟೇ ಸೇರಿಸಿದರೆ ಸಾಕಾದೀತು. ವರ್ಷಕ್ಕೆ ಐದಾರು ಸಲ ಮಾತ್ರ ಭಾರಿ ಕೆಲಸ ಬರುವವರು, ದೂರದ ಗಣಕಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವ ಮಾರ್ಗವನ್ನು ಪರಿಶೀಲಿಸಬಹುದು. ಕೊಯ್ಲಿಗೆ ಯಂತ್ರವನ್ನು ಬಾಡಿಗೆಗೆ ತರಿಸುವ ಕೃಷಿಕರಿಗೆ ಈ ನೀತಿ ಹೊಸತಲ್ಲ. ಮೂರು ನಾಲ್ಕು ಮಂದಿ ಒಂದೇ ಕಸುಬಿನವರು ಕೂಡಿ ಒಂದು ದೊಡ್ಡ ಯಂತ್ರವನ್ನು ಪಾಲಿನಲ್ಲಿ ಇಟ್ಟುಕೊಂಡರೆ ಅದು ಸುಮ್ಮನೆ ಕೂರುವ ಹೊತ್ತು ಕಡಿಮೆಯಾಗಿ ಬೆಲೆ ಸಾರ್ಥಕವಾದೀತು.

ಮನೆಯ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟು: ಹೆಸರು ಅರ್ಥವಾಗದ ವಸ್ತುವೆಂದು ಬೇಡವೆನ್ನಬೇಡಿ. ಯಾವ ಕೆಲಸಕ್ಕೆ, ಅದರಲ್ಲಿ ಹಂಚಲು ಬರುವ ಪಾಲೆಷ್ಟು, ದಿನಕ್ಕೆ ಎಷ್ಟು ಸಂಪಾದನೆ ಹೆಚ್ಚುವುದು ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಬಾವಿಯ ಆಳವನ್ನು ಅಳೆದ ನಿಮಗೆ ಈ ಪ್ರಶ್ನೆಗಳು ಅಪರಿಚಿತವಲ್ಲ. ತರುಣ ತರುಣಿಯರಲ್ಲಿ ನಮ್ಮ ಮಾತು: ಈ ಮೂರಕ್ಕೂ ಕಾಗದದ ಮೇಲೆ ಅಂಕಿಗಳಲ್ಲಿ ಉತ್ತರ ಬರೆದು ತಂದೆತಾಯಂದಿರ ಮುಂದಿಡಿರಿ. ಉತ್ತರ ಸರಿಯಾಗಿದ್ದರೆ ಐದು ಲಕ್ಷವೂ ಹೆಚ್ಚಲ್ಲ. ಉತ್ತರವಿಲ್ಲದಿದ್ದರೆ 69 ಸಾವಿರದಿಂದ ಆರಂಭಿಸುವುದರಲ್ಲಿ ಅವಮಾನವೇನೂ ಇಲ್ಲ. ಆ ಯಂತ್ರದಲ್ಲಿ ದುಡಿದ ಹಣವೇ ಮುಂದೆ ದೊಡ್ಡ ಯಂತ್ರವನ್ನು ಬೇಡುವ ದಿನ ಬಂದಾಗ, ಚಿನ್ನವನ್ನು ಪೆಟ್ಟಿಗೆಯಿಂದ ತೆಗೆಯಬೇಕಾದ ಪ್ರಮೇಯ ಮನೆಗೆ ಬಾರದಿರಲಿ ಎಂಬುದು ನಮ್ಮ ಹಾರೈಕೆ.